ಸಂಬಳ ಯಾರ ಹೆಸರಿನಲ್ಲಿ ಬರುತ್ತದೆ?

ಸೌದಿ, ದುಬೈ, ಕುವೈತ್ ಅಂದರೆ ನಮ್ಮ ಓಣಿಯವರಿಗೆ ಪಕ್ಕದ ಊರು ಇದ್ದ ಹಾಗೆ. ತುರ್ವಿಹಾಳದಲ್ಲಿ ನಮ್ಮ ಮನೆಯ ಸಾಲಿನಲ್ಲೇ ಮೂರು ಮನೆಯ ಗಂಡಸರು ಅಲ್ಲಿ ದುಡಿಯುತ್ತಿದ್ದಾರೆ. ಅಕಾಮಾ, ಕಫೀಲ್, ಮೆಡಿಕಲ್, ಸ್ಟಾಂಪಿಂಗ್ ಎಂಬ ಮಾತುಗಳನ್ನು ಶಾಲೆಯ ಮುಖ ನೋಡದ ನಮ್ಮ ನಾನಿಯೂ ಸರಿಯಾಗಿ ಬಳಸುತ್ತಾಳೆ. ಅಮೆರಿಕ ಮಾತ್ರ ನಮ್ಮ ಮನೆಯೊಳಗೆ ಬಂದದ್ದು ಕಳೆದ ನವೆಂಬರಿನಲ್ಲಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಅಣ್ಣ (ನಾವು ಭಾಯಿ ಅನ್ನುತ್ತೇವೆ) ಒಂದು ರಾತ್ರಿ ಫೋನ್ ಮಾಡಿ, ಕಂಪನಿಯವರು ಎಂಟು ತಿಂಗಳ ಮಟ್ಟಿಗೆ ಅಮೆರಿಕದ ಮುಖ್ಯ ಕಚೇರಿಗೆ ಕಳಿಸುವವರ ಪಟ್ಟಿ ಮಾಡಿದ್ದಾರೆ, ಅದರಲ್ಲಿ ತನ್ನ ಹೆಸರೂ ಇದೆ ಎಂದ. ಅಮ್ಮಿ ಮಾರನೇ ದಿನ ಓಣಿಯ ಮಕ್ಕಳಿಗೆಲ್ಲ ಸಕ್ಕರೆ ಹಂಚಿದಳು.

ಹನ್ನೆರಡು ದಿನಕ್ಕೆ ಇನ್ನೊಂದು ಫೋನ್ ಬಂತು. ಪಟ್ಟಿಯಿಂದ ಹೆಸರು ತೆಗೆದಿದ್ದಾರೆ. ಕಾರಣ ಇಷ್ಟೇ: ಅವನು ಕಂಪನಿಗೆ ಸೇರಿ ಒಂಬತ್ತು ತಿಂಗಳಾಗಿದೆ, ವೀಸಾಕ್ಕೆ ಬೇಕಾದದ್ದು ಹನ್ನೆರಡು.

ಅಮ್ಮಿಗೆ ಇದು ಅರ್ಥವೇ ಆಗಲಿಲ್ಲ. "ನೌ ಮಹೀನೇ ಮೇ ಬಚ್ಚಾ ಪೈದಾ ಹೋತಾ, ತುಮಾರಾ ವೀಸಾ ನೈ ಹೋತಾ ಕ್ಯಾ?" ಎಂದು ಫೋನಿನಲ್ಲೇ ಕೇಳಿದಳು. ಒಂಬತ್ತು ತಿಂಗಳಲ್ಲಿ ಕೂಸು ಹುಟ್ಟುತ್ತದೆ, ನಿಮ್ಮ ವೀಸಾ ಹುಟ್ಟುವುದಿಲ್ಲವೇ ಅಂತ. ಭಾಯಿ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಭಾಯಿ ಆ ಕಟ್ಟಡಕ್ಕೆ ಹೋಗಲು ಶುರು ಮಾಡಿದ್ದು 2023ರ ಜೂನಿನಲ್ಲಿ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಎರಡೂವರೆ ವರ್ಷದ ದುಡಿಮೆ ಒಂಬತ್ತು ತಿಂಗಳಾದದ್ದು ಹೇಗೆ?

ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾಗಿ ಈ ಲೆಕ್ಕವನ್ನು ತಾಳೆ ನೋಡಬೇಕು ಅನಿಸಿತು. ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಿಂದ ಬಿ.ಕಾಂ.ಗೆ ಹೋಗಿ, ಅಲ್ಲಿಂದ ಬೆಂಗಳೂರಿನ ಕಂಪನಿಗಳ ಬಾಗಿಲಿಗೆ ಹೋಗುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಅವರಿಗೆ ಇದು ಮೊದಲೇ ಗೊತ್ತಿರಲಿ.

ಭಾಯಿಗೆ ತಪ್ಪಿದ್ದು ಎಲ್-1 ಎಂಬ ವೀಸಾ. ಪೇಪರಿನಲ್ಲಿ ದಿನವೂ ಹೆಸರು ಬರುವ ಎಚ್-1ಬಿ ಬೇರೆ, ಇದು ಬೇರೆ. ಎಚ್-1ಬಿಯಲ್ಲಿ ಅಮೆರಿಕದ ಕಂಪನಿ ಹೊಸಬನನ್ನು ಕೆಲಸಕ್ಕೆ ತೆಗೆದುಕೊಂಡು ಕರೆಸಿಕೊಳ್ಳುತ್ತದೆ. ಅದಕ್ಕೆ ವರ್ಷಕ್ಕೆ 65,000 ಮತ್ತು ಅಲ್ಲೇ ಮಾಸ್ಟರ್ಸ್ ಓದಿದವರಿಗೆ ಇನ್ನೂ 20,000 ಎಂಬ ಮಿತಿ ಇದೆ, ಲಾಟರಿ ಇದೆ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರು ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ ಮೇಲಂತೂ ಅದರ ಮಾತು ಆಡುವವರ ದನಿಯೇ ಇಳಿದಿದೆ. ಎಲ್-1 ವೀಸಾ ಇರುವುದು ಒಂದೇ ಕಂಪನಿಯ ಒಳಗೆ ಒಂದು ದೇಶದ ಕಚೇರಿಯಿಂದ ಇನ್ನೊಂದು ದೇಶದ ಕಚೇರಿಗೆ ವರ್ಗವಾಗುವವರಿಗೆ. ಇದಕ್ಕೆ ಆ ಮಿತಿ ಇಲ್ಲ, ಲಾಟರಿ ಇಲ್ಲ, ಆ ಒಂದು ಲಕ್ಷ ಡಾಲರೂ ಇಲ್ಲ.

ನಮ್ಮಂಥ ಬಿ.ಕಾಂ. ಮಂದಿಗೆ ಇದರಲ್ಲಿ ಇನ್ನೊಂದು ಅನುಕೂಲ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಎಚ್-1ಬಿಗೆ ಅಮೆರಿಕದ ನಾಲ್ಕು ವರ್ಷದ ಪದವಿಗೆ ಸಮನಾದ ಪದವಿ ಬೇಕು. ನಮ್ಮ ಮೂರು ವರ್ಷದ ಬಿ.ಕಾಂ. ಒಂದನ್ನೇ ಹಿಡಿದುಕೊಂಡು ಹೋದರೆ ಅದು ಸಾಮಾನ್ಯವಾಗಿ ಸಾಲುವುದಿಲ್ಲ. (ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ತಂದರು, 2024ರಲ್ಲಿ ಮತ್ತೆ ಮೂರಕ್ಕೆ ಬಂದರು. ಆ ವಾದ ಬೇರೆ ಲೇಖನಕ್ಕಿರಲಿ.) ಎಲ್-1ಕ್ಕೆ ಕಾನೂನು ಪದವಿಯನ್ನೇ ಮುಖ್ಯವಾಗಿ ಕೇಳುವುದಿಲ್ಲ. ನೀನು ಮ್ಯಾನೇಜರೋ, ಅಥವಾ ಆ ಕಂಪನಿಯ ಕೆಲಸದ ಬಗ್ಗೆ ಹೊರಗಿನವರಿಗೆ ಇಲ್ಲದ ವಿಶೇಷ ಜ್ಞಾನ ಇರುವವನೋ ಎಂದು ಕೇಳುತ್ತದೆ. ಮ್ಯಾನೇಜರಾದರೆ ಹೆಚ್ಚೆಂದರೆ ಏಳು ವರ್ಷ, ವಿಶೇಷ ಜ್ಞಾನದವನಾದರೆ ಐದು ವರ್ಷ ಇರಬಹುದು. ಜೊತೆಗೆ ಒಂದು ಷರತ್ತು: ಹಿಂದಿನ ಮೂರು ವರ್ಷಗಳ ಒಳಗೆ, ಅಮೆರಿಕದ ಹೊರಗೆ, ಅದೇ ಕಂಪನಿಯಲ್ಲಿ ಅಥವಾ ಅದರ ಶಾಖೆಯಲ್ಲಿ, ಅಂಗಸಂಸ್ಥೆಯಲ್ಲಿ, ನಿರಂತರವಾಗಿ ಒಂದು ವರ್ಷ ಪೂರ್ಣಾವಧಿ ಕೆಲಸ ಮಾಡಿರಬೇಕು.

'ನಿರಂತರ' ಎಂಬ ಮಾತನ್ನು ಅವರು ಎಷ್ಟು ಬಿಗಿಯಾಗಿ ಹಿಡಿಯುತ್ತಾರೆ ಎಂದರೆ, ಆ ವರ್ಷದ ನಡುವೆ ಒಬ್ಬ ಇಪ್ಪತ್ತು ದಿನ ಮೀಟಿಂಗಿಗೆಂದು ಅಮೆರಿಕಕ್ಕೇ ಹೋಗಿ ಬಂದಿದ್ದರೆ, ಅವನ ವರ್ಷವೇನೋ ಮುರಿಯುವುದಿಲ್ಲ, ಆದರೆ ಆ ಇಪ್ಪತ್ತು ದಿನ ಲೆಕ್ಕಕ್ಕೆ ಬರುವುದಿಲ್ಲ. ವಾಪಸ್ ಬಂದು ಇಪ್ಪತ್ತು ದಿನ ಹೆಚ್ಚಿಗೆ ದುಡಿದು ತುಂಬಿಸಬೇಕು. 2018ರ ನವೆಂಬರಿನಲ್ಲಿ ಅಲ್ಲಿನ ವಲಸೆ ಇಲಾಖೆ ಇದನ್ನು ಸುತ್ತೋಲೆ ಹೊರಡಿಸಿಯೇ ಸ್ಪಷ್ಟ ಮಾಡಿದೆ. ಓದುವಾಗ ನನಗೆ ನಮ್ಮ ಶೇಕಡಾ 75ರ ಹಾಜರಿ ನೆನಪಾಯಿತು.

ನಮ್ಮ ದ್ವಿತೀಯ ಪಿ.ಯು.ಸಿ. ವ್ಯವಹಾರ ಅಧ್ಯಯನದಲ್ಲಿ ಸಿಬ್ಬಂದಿ ನೇಮಕದ ಪಾಠ ಇದೆಯಲ್ಲ, ಅದರಲ್ಲಿ ವರ್ಗಾವಣೆ ಮತ್ತು ಬಡ್ತಿ ನೇಮಕಾತಿಯ ಆಂತರಿಕ ಮೂಲಗಳು ಎಂದು ಬರುತ್ತದೆ. ಸರ್ ಉದಾಹರಣೆ ಕೊಟ್ಟದ್ದು ಸಿಂಧನೂರಿನ ಬ್ಯಾಂಕಿನಿಂದ ಲಿಂಗಸುಗೂರಿನ ಬ್ಯಾಂಕಿಗೆ ಹೋದ ಕ್ಯಾಷಿಯರ್‌ದು. ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವುದೂ ಕಂಪನಿಯ ದೃಷ್ಟಿಯಲ್ಲಿ ಅಷ್ಟೇ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಕಾಲದಿಂದ ಇವತ್ತಿನವರೆಗೆ ವಿದೇಶಿ ಕಂಪನಿಗಳು ಅಲ್ಲಿ ತಮ್ಮದೇ ಕಚೇರಿಗಳನ್ನು ತೆರೆಯುತ್ತಲೇ ಇವೆ. ಲೆಕ್ಕ ಬರೆಯುವುದು, ಬಿಲ್ಲು ಪಾಸು ಮಾಡುವುದು, ಸಂಬಳ ಹಾಕುವುದು ಎಲ್ಲವೂ ಅಲ್ಲಿ ನಡೆಯುತ್ತದೆ. ಭಾಯಿಯದು ಅಂಥದೇ ಒಂದು ಕಚೇರಿ. ಕಂಪನಿಗೆ ಸಾಮಾನು ಒದಗಿಸುವವರ ಬಿಲ್ಲುಗಳನ್ನು ಆರ್ಡರಿನ ಜೊತೆ ತಾಳೆ ನೋಡಿ ಪಾವತಿಗೆ ಕಳಿಸುವುದು ಅವನ ಕೆಲಸ. ಕಂಪನಿ ತನ್ನದೇ ಸಾಫ್ಟ್‌ವೇರ್ ಮಾಡಿಸಿಕೊಂಡಿದೆ. ಅದರ ಒಳಹೊರಗು ಭಾಯಿಗೆ ಬಾಯಿಪಾಠ.

ಈಗ ಎರಡೂವರೆ ವರ್ಷದ ಲೆಕ್ಕ. 2023ರ ಜೂನಿನಿಂದ 2025ರ ಜನವರಿವರೆಗೆ, ಅಂದರೆ ಇಪ್ಪತ್ತು ತಿಂಗಳು, ಭಾಯಿ ಕುಳಿತದ್ದು ಅದೇ ಮಹಡಿಯಲ್ಲಿ, ಅದೇ ಕುರ್ಚಿಯಲ್ಲಿ, ಅದೇ ಸಾಫ್ಟ್‌ವೇರಿನ ಮುಂದೆ. ಅವನಿಗೆ ಕೆಲಸ ಹೇಳುತ್ತಿದ್ದದ್ದೂ ಕಂಪನಿಯ ಮ್ಯಾನೇಜರೇ. ಆದರೆ ಸಂಬಳ ಬರುತ್ತಿದ್ದದ್ದು ಆಳು ಒದಗಿಸುವ ಒಂದು ಏಜೆನ್ಸಿಯ ಹೆಸರಿನಲ್ಲಿ. ಪಿ.ಎಫ್. ಕಟ್ಟಿದ್ದೂ ಏಜೆನ್ಸಿ. ಕೊರಳಿಗೆ ಹಾಕುವ ಕಾರ್ಡಿನ ಪಟ್ಟಿ ಕಂಪನಿಯವರದು ನೀಲಿ, ಏಜೆನ್ಸಿಯವರದು ಬೂದು ಬಣ್ಣದ್ದು. ಈದ್‌ಗೆ ಊರಿಗೆ ಬಂದಾಗ ಭಾಯಿ ಆ ಕಾರ್ಡು ತೋರಿಸಿದ್ದ, ನಾವೆಲ್ಲ ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಂಡಿದ್ದೆವು. ಬಣ್ಣದಲ್ಲಿ ಇಷ್ಟೆಲ್ಲ ಇದೆ ಎಂದು ನಮಗೇನು ಗೊತ್ತು? 2025ರ ಫೆಬ್ರವರಿಯಲ್ಲಿ ಕಂಪನಿ ಅವನನ್ನು ನೇರವಾಗಿ ತೆಗೆದುಕೊಂಡಿತು, ಪಟ್ಟಿ ನೀಲಿಯಾಯಿತು. ಅಲ್ಲಿಂದ ಅಕ್ಟೋಬರ್ ಕೊನೆಗೆ ಒಂಬತ್ತು ತಿಂಗಳು. ಕಂಪನಿಯ ವಕೀಲರು ಎಣಿಸಿದ್ದು ನೀಲಿ ತಿಂಗಳುಗಳನ್ನು ಮಾತ್ರ.

ಭಾಯಿಯ ಬದಲು ಹೋದವನು ಅವನ ಪಕ್ಕದಲ್ಲೇ ಕೂರುವ ಗೆಳೆಯ. ಅವನು ಕಾಲೇಜಿನ ಕ್ಯಾಂಪಸ್ ಆಯ್ಕೆಯಿಂದ ನೇರವಾಗಿ ಕಂಪನಿಗೆ ಸೇರಿದವನು, ಹದಿಮೂರು ತಿಂಗಳಾಗಿತ್ತು. ಅವನಿಗೆ ಆ ಸಾಫ್ಟ್‌ವೇರ್ ಕಲಿಸಿದವನು ಭಾಯಿ. ವಿಶೇಷ ಜ್ಞಾನ ಎಂದು ಅರ್ಜಿಯಲ್ಲಿ ಬರೆದಿರುವುದನ್ನು ಕಲಿಸಿದವನು ಇಲ್ಲಿ ಉಳಿದ, ಕಲಿತವನು ಹೋದ. ಆ ಹುಡುಗನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ವೀಸಾ ಸಂದರ್ಶನಕ್ಕೆ ಪಾಪ ಚೆನ್ನೈವರೆಗೆ ಹೋಗಿ ಬಂದ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದ ಸುದ್ದಿ ನಾವೆಲ್ಲ ಓದಿದ್ದೆವು, ಆದರೆ ಉದ್ಘಾಟನೆಯ ದಿನ ಅಲ್ಲಿ ವೀಸಾ ಕೊಡುವ ವ್ಯವಸ್ಥೆ ಶುರುವಾಗಿರಲಿಲ್ಲ.

ಮೊದಲಿಗೆ ನನ್ನ ಸಿಟ್ಟೆಲ್ಲ ಆ ಒಂದು ವರ್ಷದ ನಿಯಮದ ಮೇಲಿತ್ತು. ಒಬ್ಬನಿಗೆ ಕೆಲಸ ಬರುತ್ತದೋ ಇಲ್ಲವೋ ಎಂಬುದನ್ನು ತಿಂಗಳು ಎಣಿಸಿ ತಿಳಿಯಬಹುದೇ? ದೇಶದಿಂದ ದೇಶಕ್ಕೆ ಈ ಎಣಿಕೆಯೂ ಒಂದೇ ತೆರನಾಗಿಲ್ಲ. ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳು, ಆದರೆ ಸಂಬಳ ಬಹಳ ದೊಡ್ಡದಿದ್ದರೆ ಅದೂ ಬೇಡ. ಜರ್ಮನಿಯಲ್ಲಿ ಆರು ತಿಂಗಳು. ನೆದರ್ಲೆಂಡಿನಲ್ಲಿ ಮೂರೇ ತಿಂಗಳು. ಯುರೋಪಿಯನ್ ಒಕ್ಕೂಟ 2014ರಲ್ಲಿ ಮಾಡಿದ ಕಾಯ್ದೆಯೇ ಮ್ಯಾನೇಜರ್ ಮತ್ತು ತಜ್ಞರಿಗೆ ಮೂರರಿಂದ ಹನ್ನೆರಡು ತಿಂಗಳ ಒಳಗೆ ಎಷ್ಟು ಬೇಕಾದರೂ ಇಟ್ಟುಕೊಳ್ಳಿ ಎಂದು ಬಿಟ್ಟಿದೆ. ಅಂದರೆ ಎಣಿಕೆ ಮಾತ್ರ ನೋಡಿದರೆ ನನ್ನ ಅಣ್ಣ ನೆದರ್ಲೆಂಡಿಗೆ ಏಪ್ರಿಲ್ ಕೊನೆಗೇ ತಯಾರಾಗಿದ್ದ, ಜರ್ಮನಿಗೆ ಜುಲೈ ಕೊನೆಗೆ ತಯಾರಾಗಿದ್ದ, ಅಮೆರಿಕಕ್ಕೆ ನವೆಂಬರಿನಲ್ಲೂ ತಯಾರಾಗಿರಲಿಲ್ಲ. ಕುಳಿತದ್ದು ಅದೇ ಕುರ್ಚಿ.

ನಮ್ಮ ದೇಶದವರೂ ಇದನ್ನೇ ಕೇಳುತ್ತಾರೆ ಎಂದು ಗೊತ್ತಾದಾಗ ನನ್ನ ಸಿಟ್ಟು ಸ್ವಲ್ಪ ಇಳಿಯಿತು. 1995ರ ವಿಶ್ವ ವ್ಯಾಪಾರ ಸಂಸ್ಥೆಯ ಸೇವಾ ಒಪ್ಪಂದದಲ್ಲಿ ಭಾರತ ಕೊಟ್ಟ ಮಾತಿನಲ್ಲಿ, ವಿದೇಶಿ ಕಂಪನಿ ತನ್ನ ಮ್ಯಾನೇಜರನ್ನೋ ತಜ್ಞನನ್ನೋ ಇಲ್ಲಿಗೆ ಕಳಿಸಬೇಕಾದರೆ ಅವನು ಆ ಕಂಪನಿಯಲ್ಲಿ ಕನಿಷ್ಠ ಒಂದು ವರ್ಷ ಇದ್ದಿರಬೇಕು ಎಂದೇ ಇದೆ. ಹಾಗಾಗಿ ಈ ನಿಯಮ ನಮ್ಮವರನ್ನು ತಡೆಯಲೆಂದೇ ಮಾಡಿದ್ದು ಎನ್ನಲು ಬರುವುದಿಲ್ಲ.

ಒಂದು ವರ್ಷ ಯಾಕೆ ಬೇಕು ಎನ್ನುವುದಕ್ಕೆ ನಮ್ಮ ಭಾಗದಲ್ಲೇ ಉತ್ತರ ಇದೆ. ಹೋದ ವರ್ಷ ನಮ್ಮ ಕಡೆಗೆ ಒಬ್ಬ ಏಜೆಂಟ್ ಬಂದಿದ್ದ. 'ಕಂಪನಿ ಟ್ರಾನ್ಸ್‌ಫರ್ ವೀಸಾ' ಮಾಡಿಸಿಕೊಡುತ್ತೇನೆ, ಅನುಭವದ ಪತ್ರ ನಾನೇ ತಯಾರು ಮಾಡಿಸುತ್ತೇನೆ, ಮೊದಲು ಎಂಬತ್ತು ಸಾವಿರ ಕೊಡಿ ಎಂದು ನಮ್ಮ ಅಬ್ಬಾನ ಎದುರೇ ಕೂತು ಹೇಳಿದ. ಒಂದು ದಿನವೂ ಯಾವ ಕಂಪನಿಯ ಮೆಟ್ಟಿಲು ಹತ್ತದ ಹುಡುಗರಿಗೆ ಈ ಮಾತು ಹೇಳುತ್ತಿದ್ದ. ಈ ವರ್ಷ ತುಂಗಭದ್ರಾ ಡ್ಯಾಮಿನ ಗೇಟುಗಳನ್ನು ಬದಲಿಸಬೇಕೆಂದು ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರಿಲ್ಲ; 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೇ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ಗೊತ್ತೇ ಇದೆ. ಗದ್ದೆ ಖಾಲಿ ಬಿದ್ದ ವರ್ಷ ಇಂಥವರ ಮಾತು ಇನ್ನೂ ಸಿಹಿಯಾಗಿ ಕೇಳುತ್ತದೆ. ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ: ಈ ವೀಸಾಕ್ಕೆ ಮೊದಲು ಮನವಿ ಹಾಕಬೇಕಾದದ್ದು ಕಂಪನಿ. ನೀವು ಈಗಾಗಲೇ ಆ ಕಂಪನಿಯಲ್ಲಿ ಒಂದು ವರ್ಷ ದುಡಿದಿರಬೇಕು. ಇದನ್ನು ಹೊರಗೆ ದುಡ್ಡು ಕೊಟ್ಟು ಕೊಳ್ಳಲು ಆಗುವುದಿಲ್ಲ. ಯಾರಾದರೂ ಮಾರಲು ಬಂದರೆ ಅದು ಸುಳ್ಳು.

ದೊಡ್ಡವರೂ ಇಂಥ ದಾರಿ ಹುಡುಕಿದ್ದಾರೆ ಎಂಬ ದೂರುಗಳಿವೆ. ಮೊದಲು ದೊಡ್ಡ ಕಂಪನಿಗಳಿಗೆ ಅಮೆರಿಕ ಒಂದು ರಿಯಾಯಿತಿ ಕೊಟ್ಟಿತ್ತು, ಒಟ್ಟಾಗಿ ಅನುಮತಿ ಪಡೆದ ಕಂಪನಿಯ ನೌಕರನಿಗೆ ಆರು ತಿಂಗಳ ಅನುಭವ ಸಾಕಿತ್ತು. ಎಲ್-1ರಲ್ಲಿ ಬಂದವರನ್ನು ಬೇರೆ ಕಂಪನಿಗಳ ಕಚೇರಿಗಳಲ್ಲಿ ಕೂರಿಸಿ ಅಲ್ಲಿನವರ ಕೆಲಸ ತೆಗೆಯುತ್ತಿದ್ದಾರೆ ಎಂಬ ಗಲಾಟೆ ಎದ್ದ ಮೇಲೆ 2004ರಲ್ಲಿ ಕಾನೂನು ತಿದ್ದಿದರು. 2005ರ ಜೂನಿನಿಂದ ಎಲ್ಲರಿಗೂ ಒಂದು ವರ್ಷ. 2013ರಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್ ಕಂಪನಿಯೂ, ಬಿ-1 ಎಂಬ ಸಂದರ್ಶಕ ವೀಸಾದಲ್ಲಿ ಜನರನ್ನು ಕೆಲಸಕ್ಕೆ ಕಳಿಸಿತು ಎಂಬ ಆರೋಪದ ಪ್ರಕರಣದಲ್ಲಿ 3.4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆರೋಪವನ್ನು ಕಂಪನಿ ಒಪ್ಪಲಿಲ್ಲ. ಆದರೂ ಬಾಗಿಲು ಯಾಕೆ ಬಿಗಿಯಾಗುತ್ತಾ ಹೋಯಿತು ಎಂಬುದು ಇದರಿಂದ ತಿಳಿಯುತ್ತದೆ.

ಇಷ್ಟು ಓದಿದ ಮೇಲೆ ನಿಯಮದ ಮೇಲಿನ ನನ್ನ ಸಿಟ್ಟು ಬೆಂಗಳೂರಿನ ಕಡೆಗೆ ತಿರುಗಿತು. ವರ್ಷ ಎಣಿಸುವುದು ಅಮೆರಿಕ. ಆದರೆ ಆ ಎಣಿಕೆ ಯಾವತ್ತಿನಿಂದ ಶುರುವಾಗಬೇಕು ಎಂಬುದನ್ನು ಗೊತ್ತು ಮಾಡುವುದು ಇಲ್ಲಿನ ಕಂಪನಿ. ಇಪ್ಪತ್ತು ತಿಂಗಳು ನಿನ್ನ ಕೆಲಸ ಬೇಕು, ನಿನ್ನ ಹೆಸರು ನಮ್ಮ ಪುಸ್ತಕದಲ್ಲಿ ಬೇಡ ಎಂದವರು ಇವರು. ಏಜೆನ್ಸಿಯವನಾದರೆ ಬೇಡವಾದಾಗ ತೆಗೆಯುವುದು ಸುಲಭ, ಬೋನಸ್ ಇಲ್ಲ, ಕಂಪನಿಯ ವಿಮೆ ಇಲ್ಲ. ಅದು ಅವರ ಲಾಭ. ಅದರ ಖರ್ಚು ಮಾತ್ರ ನನ್ನ ಅಣ್ಣನ ಲೆಕ್ಕಕ್ಕೆ ಬಂತು.

ಇದನ್ನು ನಾನು ಹೇಳಿದಾಗ ಅಬ್ಬಾ ಬಹಳ ಹೊತ್ತು ಸುಮ್ಮನಿದ್ದರು. ಅಬ್ಬಾ ಸಿಂಧನೂರಿನ ಒಂದು ಅಡತಿ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಗುಮಾಸ್ತರು. ಭತ್ತದ ಸೀಜನ್ನಿನಲ್ಲಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುತ್ತಾರೆ. ಆ ಅಂಗಡಿಯ ಕಿರ್ದಿ ಪುಸ್ತಕದ ಹದಿನೆಂಟು ವರ್ಷದ ಪುಟಗಳೆಲ್ಲ ಅವರ ಕೈಬರಹದಲ್ಲೇ ಇವೆ, ರೈತರ ಹೆಸರು, ಹಮಾಲರ ಹೆಸರು, ಲಾರಿ ನಂಬರು ಎಲ್ಲ. ಅದೇ ಪುಸ್ತಕದಲ್ಲಿ ನೌಕರ ಎಂದು ಅವರ ಹೆಸರು ಎಲ್ಲೂ ಇಲ್ಲ. ಪ್ರತಿ ತಿಂಗಳು ಕೈಗೆ ಹಣ ಬರುತ್ತದೆ, ಒಂದು ಚೀಟಿ ಬರುವುದಿಲ್ಲ. "ಮುಝೆ ತೋ ನೌ ಮಹೀನೇ ಕಾ ಭೀ ಸುಬೂತ್ ನೈ" ಎಂದರು ಆಮೇಲೆ. ನನ್ನ ಹತ್ತಿರ ಒಂಬತ್ತು ತಿಂಗಳಿಗೂ ಪುರಾವೆ ಇಲ್ಲ. ನಮ್ಮ ಮನೆಯ ಪಕ್ಕದ ಈರಮ್ಮ ಆಯಿ ಒಬ್ಬರದೇ ಹೊಲದಲ್ಲಿ ಎಷ್ಟೋ ವರ್ಷದಿಂದ ನಾಟಿ ಹಚ್ಚುತ್ತಾಳೆ, ಕೂಲಿ ಮಾತ್ರ ಮೇಸ್ತ್ರಿಯ ಕೈಯಿಂದ. ಆ ಹೊಲದ ಸಾಹುಕಾರನನ್ನು ಕೇಳಿದರೆ ಆಕೆ ಮೇಸ್ತ್ರಿಯ ಆಳು ಅನ್ನುತ್ತಾನೆ. ಬೆಂಗಳೂರಿನ ಗಾಜಿನ ಕಟ್ಟಡದ ವ್ಯವಸ್ಥೆ ನನಗೆ ಇಷ್ಟು ಬೇಗ ಅರ್ಥವಾದದ್ದು ಅದಕ್ಕೇ. ಮೇಸ್ತ್ರಿಯ ಜಾಗದಲ್ಲಿ ಏಜೆನ್ಸಿ ಇಟ್ಟರೆ ಆಯಿತು.

ನಮ್ಮ ಕಾನೂನಿಗೂ ಇದು ಹೊಸದಲ್ಲ. ಗುತ್ತಿಗೆ ಕಾರ್ಮಿಕರ ಕಾಯ್ದೆ ಬಂದದ್ದು 1970ರಲ್ಲಿ. ಎಲ್-1 ವೀಸಾ ಹುಟ್ಟಿದ್ದೂ ಅದೇ 1970ರಲ್ಲಿ, ಅದು ನನಗೆ ತಮಾಷೆ ಅನಿಸಿತು. ನಮ್ಮ ಕಾಯ್ದೆ ಕೆಲಸ ಮಾಡಿಸಿಕೊಳ್ಳುವವನನ್ನು 'ಪ್ರಧಾನ ಮಾಲೀಕ' ಎಂದು ಕರೆಯಿತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಪ್ರಧಾನ ಮಾಲೀಕನೇ ಕೊಡಬೇಕು ಎಂದಿತು. ಅಂದರೆ ಕೂಲಿ ತಪ್ಪಿದಾಗ ಇವನು ನಿನ್ನವನು ಎಂದು ಕಂಪನಿಗೆ ಹೇಳಲು ಐವತ್ತು ವರ್ಷದ ಹಿಂದೆಯೇ ದಾರಿ ಇತ್ತು. ಅನುಭವ ಎಣಿಸುವಾಗ ಮಾತ್ರ ಇವನು ನಿನ್ನವನಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಎಲ್ಲ ಕಾರ್ಮಿಕರಿಗೂ ನೇಮಕಾತಿ ಪತ್ರ ಕೊಡಬೇಕು ಎಂದಿದೆ. ಅಬ್ಬಾನ ಅಂಗಡಿಗೆ ಅದು ಯಾವಾಗ ತಲುಪುತ್ತದೋ ನೋಡಬೇಕು.

ಈ ಲೇಖನದ ಕರಡು ಓದಿದ ನಮ್ಮ ಸರ್ ಒಂದು ಪ್ರಶ್ನೆ ಕೇಳಿದರು: "ಏಜೆನ್ಸಿ ದಿನಾನೂ ಎಣಿಸ್ರಿ ಅಂತ ಬರದ್ರ, ನಿನ್ನ ಆ ಎಂಬತ್ತು ಸಾವಿರದ ಏಜೆಂಟಗ ಬಾಗಿಲು ತಗದಂಗ ಆಗಂಗಿಲ್ಲೇನು?" ನನಗೆ ತಕ್ಷಣ ಉತ್ತರ ಬರಲಿಲ್ಲ. ಎರಡು ದಿನ ಯೋಚಿಸಿದೆ. ಹೌದು, ಅಮೆರಿಕ ಏಜೆನ್ಸಿಯ ದಿನಗಳನ್ನೂ ಎಣಿಸಬೇಕು ಎಂದು ನಾನು ಮೊದಲು ಬರೆದಿದ್ದೆ, ಅದನ್ನು ಹೊಡೆದು ಹಾಕಿದೆ. ಆಳು ಒದಗಿಸುವವರ ಕಾಗದವೆಲ್ಲ ನಡೆಯುತ್ತದೆ ಎಂದಾದರೆ ನಾಳೆ ಎಲ್ಲ ಊರಿನಲ್ಲೂ ಒಂದು ಏಜೆನ್ಸಿ ಹುಟ್ಟುತ್ತದೆ. ಆದ್ದರಿಂದ ನನ್ನ ಬೇಡಿಕೆ ಇಲ್ಲಿನವರಿಗೆ. ವರ್ಷಗಟ್ಟಲೆ ನಡೆಯುವ ಕೆಲಸಕ್ಕೆ, ಕಂಪನಿಯ ಮ್ಯಾನೇಜರೇ ಹೇಳಿ ಮಾಡಿಸುವ ಕೆಲಸಕ್ಕೆ, ಮೊದಲ ದಿನದಿಂದಲೇ ಕಂಪನಿಯ ಹೆಸರಿನಲ್ಲಿ ಸಂಬಳ ಕೊಡಲಿ. ನಮ್ಮ ರಾಜ್ಯ ಸರ್ಕಾರ 2024ರ ನವೆಂಬರಿನಲ್ಲಿ ಇಂಥ ವಿದೇಶಿ ಕಂಪನಿಗಳ ಕೇಂದ್ರಗಳಿಗಾಗಿಯೇ ಒಂದು ನೀತಿ ತಂದಿದೆ: 2029ರೊಳಗೆ 500 ಹೊಸ ಕೇಂದ್ರ, ಮೂರೂವರೆ ಲಕ್ಷ ಉದ್ಯೋಗ ಎಂಬ ಗುರಿ. ಪ್ರೋತ್ಸಾಹಧನದ ಮಾತೂ ಅದರಲ್ಲಿದೆ. ಹಣ ಕೊಡುವಾಗ, ಈ ಮೂರೂವರೆ ಲಕ್ಷದಲ್ಲಿ ನೀಲಿ ಪಟ್ಟಿ ಎಷ್ಟು, ಬೂದು ಪಟ್ಟಿ ಎಷ್ಟು ಎಂದು ಸರ್ಕಾರ ಕೇಳಲಿ. ಈ ಭಾಗದವರಾದ ನಮಗೆ ಎಣಿಸಿ ಕೊಡುವ ಕಾಗದ ಹೊಸದಲ್ಲ. 371 ಜೆ ಪ್ರಮಾಣಪತ್ರಕ್ಕೆ ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ನಾವು ದಾಖಲೆ ತೋರಿಸುವುದಿಲ್ಲವೇ? ಕಂಪನಿಗಳೂ ಒಂದು ಸಲ ತೋರಿಸಲಿ.

ಭಾಯಿ ಇದನ್ನು ಒಪ್ಪುವುದಿಲ್ಲ. ಏಜೆನ್ಸಿ ಇಲ್ಲದಿದ್ದರೆ ಸಿಂಧನೂರಿನ ಬಿ.ಕಾಂ. ಹುಡುಗನನ್ನು ಆ ಕಟ್ಟಡದ ಗೇಟಿನೊಳಗೆ ಯಾರೂ ಬಿಡುತ್ತಿರಲಿಲ್ಲ, ಇಂಗ್ಲಿಷ್ ತಡವರಿಸುವ ನನ್ನನ್ನು ಕ್ಯಾಂಪಸ್ ಆಯ್ಕೆಗೆ ಯಾರು ಕರೆಯುತ್ತಿದ್ದರು ಎನ್ನುತ್ತಾನೆ. ಅದೂ ನಿಜ. ಅವನ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಗೇಟು ದಾಟಲು ಮೂರು ತಿಂಗಳು, ಹೆಚ್ಚೆಂದರೆ ಆರು ತಿಂಗಳು ಸಾಕು. ಇಪ್ಪತ್ತು ತಿಂಗಳು ಗೇಟಿನಲ್ಲೇ ನಿಲ್ಲಿಸುವುದು ಪರೀಕ್ಷೆ ಅಲ್ಲ.

ವೀಸಾ ಸಿಕ್ಕರೆ ಎಲ್ಲ ಸುಖ ಎಂದೂ ತಿಳಿಯಬೇಡಿ. ಎಲ್-1 ಇರುವವನು ಅದರ ಮೇಲೆ ಅಮೆರಿಕದಲ್ಲಿ ಬೇರೆ ಕಂಪನಿಗೆ ಸೇರಲು ಆಗುವುದಿಲ್ಲ. ಕೆಲಸ ಹೋದರೆ ಹೆಚ್ಚೆಂದರೆ 60 ದಿನದ ಗಡುವು. ನಮ್ಮ ಚಾಚಾ ರಿಯಾದಿನಲ್ಲಿ ಒಂದು ಮನೆಯ ಡ್ರೈವರ್. ಸೌದಿಯಲ್ಲಿ 2021ರ ಮಾರ್ಚಿನಿಂದ, ಒಂದು ವರ್ಷ ದುಡಿದ ಕಾರ್ಮಿಕ ಮಾಲೀಕನ ಒಪ್ಪಿಗೆ ಇಲ್ಲದೆಯೇ ಬೇರೆ ಕಡೆ ಸೇರಬಹುದು ಎಂಬ ಸುಧಾರಣೆ ಬಂತು. ಅಲ್ಲಿಯೂ ಒಂದೇ ವರ್ಷ! ಅಲ್ಲಿ ಒಂದು ವರ್ಷ ಮುಗಿದರೆ ಮಾಲೀಕನಿಂದ ಬಿಡುಗಡೆ, ಇಲ್ಲಿ ಒಂದು ವರ್ಷ ಮುಗಿದರೆ ಮಾಲೀಕನ ಜೊತೆಗೇ ಪ್ರಯಾಣ. ಚಾಚಾನಿಗೆ ಅದೂ ಇಲ್ಲ, ಮನೆಗೆಲಸದವರನ್ನೂ ಮನೆಯ ಡ್ರೈವರುಗಳನ್ನೂ ಆ ಸುಧಾರಣೆಯಿಂದ ಹೊರಗಿಟ್ಟರು. ಹನ್ನೊಂದು ವರ್ಷ ಒಂದೇ ಕಾರು ಓಡಿಸಿದ್ದಾರೆ.

ಸೀನಿಯರ್ ಅಕ್ಕಂದಿರು, ಅಣ್ಣಂದಿರು ಮೇ ತಿಂಗಳಲ್ಲಿ ಕೆಲಸ ಹುಡುಕಲು ಹೊರಡುವಾಗ ಒಂದು ಕೆಲಸ ಮಾಡಿ. ಸಂಬಳ ಎಷ್ಟು ಎಂದು ಕೇಳಿದ ಮೇಲೆ, ಸಂಬಳ ಯಾರ ಹೆಸರಿನಲ್ಲಿ ಬರುತ್ತದೆ ಎಂದೂ ಕೇಳಿ. ಏಜೆನ್ಸಿ ಎಂದರೆ ಬಿಟ್ಟು ಬರಬೇಡಿ, ನಮ್ಮಂಥವರಿಗೆ ಬಿಟ್ಟು ಬರುವ ಅನುಕೂಲ ಇಲ್ಲ. ಯಾವಾಗ ನೇರವಾಗಿ ತೆಗೆದುಕೊಳ್ಳುತ್ತೀರಿ ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಸಂಬಳದ ಚೀಟಿ, ಪಿ.ಎಫ್. ಪಾಸ್‌ಬುಕ್, ಫಾರಂ 16 ಯಾವುದನ್ನೂ ಕಳೆಯಬೇಡಿ. ಭಾಯಿ ಈಗ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟಿದ್ದಾನೆ, ಅದರ ಒಂದು ಜೆರಾಕ್ಸ್ ಸೆಟ್ ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಹೊಲದ ಪಹಣಿಯ ಜೊತೆ ಇದೆ. ಅಮ್ಮಿಯ ಕಾವಲಿನಲ್ಲಿ.

ಇದನ್ನು ಬರೆಯುವ ಹೊತ್ತಿಗೆ ಅವನ ಹನ್ನೆರಡನೇ ನೀಲಿ ತಿಂಗಳು ಮುಗಿಯಲು ಹದಿನಾರು ದಿನ ಬಾಕಿ ಇದೆ. ಮುಂದಿನ ಪಟ್ಟಿ ಯಾವಾಗ, ಮುಂದಿನ ಪಟ್ಟಿ ಇದೆಯೋ ಇಲ್ಲವೋ, ಕಂಪನಿ ಇನ್ನೂ ಹೇಳಿಲ್ಲ. ಗೆಳೆಯ ಜನವರಿ ಮೊದಲ ವಾರ ಹೊರಟುಹೋದ. ಸಂಕ್ರಾಂತಿ ರಜೆಗೆ ಭಾಯಿ ಊರಿಗೆ ಬಂದಿದ್ದಾಗ ರಾತ್ರಿ ಹನ್ನೊಂದರ ಮೇಲೆ ಅವನ ಫೋನ್ ಬಂತು. ಅಲ್ಲಿ ಆಗ ಮಧ್ಯಾಹ್ನ. ಯಾವುದೋ ಬಿಲ್ಲು ಎರಡು ಸಲ ಹತ್ತಿಬಿಟ್ಟಿದೆ, ತೆಗೆಯುವುದು ಹೇಗೆ ಎಂದು ಕೇಳುತ್ತಿದ್ದ. ಭಾಯಿ ಹಾಸಿಗೆಯ ಮೇಲೆ ಎದ್ದು ಕೂತು, ಕಣ್ಣು ಮುಚ್ಚಿಕೊಂಡು, ಯಾವ ಬಟನ್ ಆಮೇಲೆ ಯಾವ ಬಟನ್ ಎಂದು ಒಂದೊಂದಾಗಿ ಹೇಳಿಕೊಟ್ಟ. ಇಪ್ಪತ್ತು ನಿಮಿಷ ಹಿಡಿಯಿತು.